ಬೇಸಿಗೆಯ ಸಿಡಿಲು, ಬಿರುಗಾಳಿ, ಆಲಿಕಲ್ಲು: ಮೋಡ ಕಟ್ಟುವ ಮೊದಲಿನಿಂದ ಕರೆಂಟು ಮರಳುವವರೆಗೆ ಮಾಡಬೇಕಾದ ಕೆಲಸಗಳು

ಮಾರ್ಚ್‌ನಿಂದ ಮೇ ಕೊನೆಯವರೆಗಿನ ಮೂರು ತಿಂಗಳನ್ನು ಭಾರತೀಯ ಹವಾಮಾನ ಇಲಾಖೆ ಮುಂಗಾರು ಪೂರ್ವ ಅವಧಿ ಎಂದು ಲೆಕ್ಕ ಹಾಕುತ್ತದೆ. ಈ ಅವಧಿಯಲ್ಲಿ ದೇಶದಾದ್ಯಂತ ಜನ ಮಾಡುವ ತಪ್ಪು ಒಂದೇ: ಮೈಮೇಲೆ ಹನಿ ಬಿದ್ದ ಮೇಲೆ ಓಡುವುದು. ಜೂನ್ ತಿಂಗಳ ಮುಂಗಾರಿಗೆ ಈ ಅಭ್ಯಾಸ ನಡೆದೀತು. ಬೇಸಿಗೆ ಮಳೆಗೆ ನಡೆಯದು. ಇಲ್ಲಿ ಮೊದಲು ಸಿಡಿಲು ಬರಬಹುದು, ಆಮೇಲೆ ಗಾಳಿ ನುಗ್ಗುತ್ತದೆ, ಮಳೆ ಬರುವುದು ಕೊನೆಗೆ. ಹನಿಗಾಗಿ ಕಾದವರಿಗೆ ಉಳಿಯುವ ಸಮಯ ಐದು ನಿಮಿಷವೂ ಇರುವುದಿಲ್ಲ.

ಆದ್ದರಿಂದ ಕೆಳಗಿನ ಹಂತಗಳನ್ನು ಗಡಿಯಾರದ ಲೆಕ್ಕದಲ್ಲಿ ಜೋಡಿಸಿದೆ. ದಿನಗಟ್ಟಲೆ ಹಿಡಿಯುವ ಕೆಲಸ ಮೊದಲು, ಒಂದೇ ನಿಮಿಷದಲ್ಲಿ ಆಗುವ ಕೆಲಸ ಕೊನೆಗೆ. ಕ್ರಮ ತಪ್ಪಿಸಬೇಡಿ. ಗಾಳಿ ಎದ್ದ ಮೇಲೆ ಶೀಟು ಬಿಗಿಯಲು ಮಾಡು (ಛಾವಣಿ) ಹತ್ತಿದವರು ಮತ್ತು ಸಿಡಿಲು ಹೊಡೆಯುವಾಗ ಪ್ಲಗ್ ಕೀಳಲು ಹೋದವರು ಪೆಟ್ಟು ತಿನ್ನುವುದು ಕೆಲಸ ಗೊತ್ತಿಲ್ಲದೆ ಅಲ್ಲ, ಹೊತ್ತು ಮೀರಿದ್ದರಿಂದ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ವಸ್ತುಗಳು

ಚಾರ್ಜ್ ಆಗಿರುವ ಟಾರ್ಚು, ಪವರ್ ಬ್ಯಾಂಕು, ಗಟ್ಟಿ ನೈಲಾನ್ ಹಗ್ಗ, ಅಂಚಿಗೆ ಕಣ್ಣುಗಳಿರುವ ಟಾರ್ಪಾಲು, ಒಣ ರಬ್ಬರ್ ಚಪ್ಪಲಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಇವುಗಳ ಜೊತೆಗೆ ಬ್ಯಾಟರಿ ಹಾಕುವ ಹಳೆಯ ರೇಡಿಯೊ ಇದ್ದರೆ ಬಿಸಾಡಬೇಡಿ. ಮಧ್ಯಮ ತರಂಗದಲ್ಲಿ ಅದು 'ಚಟ್, ಚಟ್' ಎಂದು ಸಿಡಿಯತೊಡಗಿದರೆ ಸುತ್ತಮುತ್ತ ಎಲ್ಲೋ ಮಿಂಚುತ್ತಿದೆ ಎಂದರ್ಥ. ನೆಟ್‌ವರ್ಕ್ ಸತ್ತಾಗಲೂ ಈ ಸೂಚನೆ ಸಿಗುತ್ತದೆ.

ಮೊಬೈಲಿನಲ್ಲಿ ಎರಡು ಆ್ಯಪ್ ಇರಲಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯ ಸಿಡಿಲಿನ ಸೂಚನೆ ಕೊಡುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಸರ್ಕಾರಿ ಎಚ್ಚರಿಕೆಗಳನ್ನು ತಲುಪಿಸುತ್ತದೆ. ಕರ್ನಾಟಕದವರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೂಡ ಇದೆ.

ಬಹಳ ಜನ ಎಡವುವುದು ಹಾಕಿಕೊಂಡ ಮೇಲೆ. ಲೊಕೇಶನ್ ಆಫ್ ಇಟ್ಟರೆ ಆ್ಯಪ್‌ಗೆ ನೀವು ಎಲ್ಲಿದ್ದೀರಿ ಎಂದೇ ತಿಳಿಯದು. ಬ್ಯಾಟರಿ ಸೇವರ್ ಹಾಕಿದ್ದರೆ ಫೋನ್ ಹಿನ್ನೆಲೆಯಲ್ಲಿ ಆ್ಯಪನ್ನು ಮಲಗಿಸಿಬಿಡುತ್ತದೆ, ಎಚ್ಚರಿಕೆ ಬರುವುದೇ ಇಲ್ಲ. ಈ ಎರಡು ಸೆಟ್ಟಿಂಗ್ ಸರಿಮಾಡಿ, ನೋಟಿಫಿಕೇಶನ್ ಶಬ್ದ ಆನ್ ಇದೆಯೇ ನೋಡಿ.

ಹಂತ 1: ಹಂಗಾಮಿಗೆ ಮೊದಲೇ ಮನೆಯ ಮಾಡು, ಮರ, ಅರ್ಥಿಂಗ್

1. ಶೀಟಿನ ಮಾಡು. ಗಾಳಿ ಶೀಟನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಆ ಎಳೆತ ಅತಿ ಹೆಚ್ಚು ಇರುವುದು ಮೂಲೆಗಳಲ್ಲಿ, ಸೂರಿನ ಅಂಚಿನಲ್ಲಿ ಮತ್ತು ನೆತ್ತಿಯಲ್ಲಿ. ಆದ್ದರಿಂದ ನಡುವೆ ಎಷ್ಟು ಬೋಲ್ಟ್ ಇವೆಯೋ ಅಂಚಿನಲ್ಲಿ ಅದಕ್ಕಿಂತ ಒತ್ತಾಗಿ ಇರಬೇಕು. ಜೆ ಬೋಲ್ಟನ್ನು ಶೀಟಿನ ಉಬ್ಬಿನ ಮೇಲೆ ಹಾಕಿ, ತಗ್ಗಿನಲ್ಲಿ ಹಾಕಿದರೆ ನೀರು ಅಲ್ಲೇ ಇಳಿದು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಬೋಲ್ಟಿನ ಸುತ್ತ ತೂತು ದೊಡ್ಡದಾಗಿದ್ದರೆ ಹೊಸ ಬೋಲ್ಟ್ ಹಾಕಿದರೆ ಸಾಲದು, ಅಗಲವಾದ ವಾಷರ್ ಬೇಕು. ಎರಡು ಕೈಯಿಂದ ಸೂರಿನ ಅಂಚು ಹಿಡಿದು ಎತ್ತಿ ನೋಡಿ. 'ಕಟಕಟ' ಎಂದು ಅಲುಗಿದರೆ ಮೊದಲ ಬಿರುಗಾಳಿಗೇ ಅದು ಹಾರುತ್ತದೆ.

ಶೀಟಿನ ಮೇಲೆ ಕಲ್ಲು, ಹಳೆ ಟೈರು ಹೇರುವುದು ಊರೂರಲ್ಲೂ ಇರುವ ರೂಢಿ. ದಯವಿಟ್ಟು ಬಿಡಿ. ಶೀಟು ಎದ್ದರೆ ಆ ಕಲ್ಲು ಒಳಗೆ ಮಲಗಿದವರ ತಲೆಯ ಮೇಲೆ ಬೀಳುತ್ತದೆ. ಕಟ್ಟಲೇಬೇಕೆಂದರೆ ಶೀಟಿನ ಮೇಲೆ ಹಗ್ಗ ಹಾಯಿಸಿ ಎರಡೂ ಕಡೆ ನೆಲದಲ್ಲಿ ಆಳವಾಗಿ ಹೂತ ಗೂಟಕ್ಕೆ ಬಿಗಿಯಿರಿ.

2. ನೀರಿನ ಟ್ಯಾಂಕು. ಖಾಲಿ ಪ್ಲಾಸ್ಟಿಕ್ ಟ್ಯಾಂಕು ಗಾಳಿಗೆ ಉರುಳುತ್ತದೆ. 1,000 ಲೀಟರ್ ತುಂಬಿದರೆ ಅದರ ತೂಕ ಒಂದು ಟನ್, ಅಲ್ಲಾಡದು. ಎಚ್ಚರಿಕೆ ಇರುವ ದಿನ ಬೆಳಿಗ್ಗೆಯೇ ತುಂಬಿಸುವ ಅಭ್ಯಾಸ ಮಾಡಿಕೊಂಡರೆ, ಕರೆಂಟು ಹೋದಾಗ ನೀರಿಗೂ ಪರದಾಟವಿಲ್ಲ.

3. ಮರ. ಬುಡದ ಸುತ್ತ ಅಣಬೆ, ಬುಡದ ಒಂದು ಬದಿಯಲ್ಲಿ ಮಣ್ಣು ಉಬ್ಬಿ ಬಿರುಕು, ಇತ್ತೀಚೆಗೆ ಕಾಣಿಸಿಕೊಂಡ ವಾಲುವಿಕೆ, ಎಲೆಯಿಲ್ಲದ ಒಣ ಕೊಂಬೆ: ಈ ನಾಲ್ಕರಲ್ಲಿ ಒಂದಿದ್ದರೂ ಅದರ ಕೆಳಗೆ ಗಾಡಿ ನಿಲ್ಲಿಸಬೇಡಿ, ದನ ಕಟ್ಟಬೇಡಿ. ನಗರಗಳಲ್ಲಿ ಕಾಂಡದವರೆಗೂ ಕಾಂಕ್ರೀಟ್ ಹಾಕಿರುವ ಮತ್ತು ಕೇಬಲ್ ಗುಂಡಿಗಾಗಿ ಬೇರು ಕತ್ತರಿಸಿರುವ ರಸ್ತೆ ಬದಿ ಮರಗಳು ಮೊದಲು ಉರುಳುತ್ತವೆ. ತೆಂಗಿನ ಒಣ ಗರಿ ಈಗಲೇ ಇಳಿಸಿ. ತಂತಿಗೆ ತಾಗುವ ಕೊಂಬೆಯನ್ನು ಮಾತ್ರ ನೀವೇ ಕಡಿಯಬೇಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿಸಬೇಕು.

4. ಅರ್ಥಿಂಗ್. ಏಪ್ರಿಲ್ ಹೊತ್ತಿಗೆ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಬಿರಿದಿರುತ್ತದೆ. ಒಣ ಮಣ್ಣಿನಲ್ಲಿ ವಿದ್ಯುತ್ ಸಲೀಸಾಗಿ ಇಳಿಯುವುದಿಲ್ಲ. ವಾರಕ್ಕೊಮ್ಮೆ ಒಂದೆರಡು ಬಕೆಟ್ ನೀರು ಹಾಕಿ, ಪೈಪಿಗೆ ತಂತಿ ಸೇರುವ ಜಾಗದ ತುಕ್ಕು ತೆಗೆಸಿ ಬಿಗಿ ಮಾಡಿಸಿ. ಮನೆ ಎತ್ತರದಲ್ಲಿದ್ದರೆ ಮೇನ್ ಬೋರ್ಡಿನಲ್ಲಿ ಸರ್ಜ್ ರಕ್ಷಕ (ವೋಲ್ಟೇಜ್ ದಿಢೀರನೆ ಏರಿದಾಗ ಉಪಕರಣಗಳನ್ನು ಕಾಯುವ ಸಾಧನ) ಹಾಕಿಸುವುದು ಒಳ್ಳೆಯದು, ಆದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಬರೀ ಅಲಂಕಾರ.

ಹಂತ 2: ಬೆಳಿಗ್ಗೆ ಎಚ್ಚರಿಕೆ ಓದುವುದು

'ಆರೆಂಜ್ ಅಲರ್ಟ್ ಅಂದಿದ್ದರು, ಒಂದು ಹನಿಯೂ ಬೀಳಲಿಲ್ಲ' ಎಂಬ ದೂರು ಹುಟ್ಟುವುದು ಓದುವ ರೀತಿಯಿಂದ. ಮೂರು ವಿಷಯ ಬಿಡಿಸಿ ನೋಡಿ.

ಬಣ್ಣ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ: ಗಮನವಿಡಿ. ಕಿತ್ತಳೆ: ಸಿದ್ಧರಾಗಿ. ಕೆಂಪು: ಈಗಲೇ ಕ್ರಮ ಕೈಗೊಳ್ಳಿ. ಹವೆ ಎಷ್ಟು ಕೆಡಬಹುದು ಮತ್ತು ಹಾಗಾಗುವ ಸಾಧ್ಯತೆ ಎಷ್ಟು, ಈ ಎರಡನ್ನೂ ಸೇರಿಸಿ ಇಡೀ ಜಿಲ್ಲೆಗೆ ಒಂದು ಬಣ್ಣ ಹಾಕುತ್ತಾರೆ. ಆದರೆ ಹಳದಿ ದಿನ ಬಿದ್ದ ಸಿಡಿಲು ಕೆಂಪು ದಿನದ ಸಿಡಿಲಿಗಿಂತ ಮೆತ್ತಗಿರುವುದಿಲ್ಲ. ಪ್ರಕಟಣೆಯಲ್ಲಿ 'ಗುಡುಗು ಸಹಿತ' ಎಂಬ ಮಾತಿದ್ದರೆ ಬಣ್ಣ ಯಾವುದೇ ಇರಲಿ, ಹಂತ 3ರಿಂದ ಮುಂದಿನದೆಲ್ಲ ಅನ್ವಯಿಸುತ್ತದೆ.

ವ್ಯಾಪ್ತಿಯ ಪದ. 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ. 'ಕೆಲವು ಕಡೆ' ಎಂದರೆ ಶೇ 50ರವರೆಗೆ, 'ಹಲವು ಕಡೆ' ಎಂದರೆ ಶೇ 75ರವರೆಗೆ, ಅದರ ಮೇಲೆ 'ಬಹುತೇಕ ಎಲ್ಲ ಕಡೆ'. ಬೇಸಿಗೆ ಮಳೆ ಹೆಚ್ಚಾಗಿ ಮೊದಲ ಎರಡು ವರ್ಗಕ್ಕೆ ಸೇರುತ್ತದೆ. ಪಕ್ಕದ ಊರು ತೊಯ್ದು ನಿಮ್ಮ ಊರು ಒಣಗಿದ್ದರೆ ಮುನ್ಸೂಚನೆ ಸುಳ್ಳಾಯಿತು ಎಂದಲ್ಲ.

ಅವಧಿ. ಇಲಾಖೆಯ ಲೆಕ್ಕದಲ್ಲಿ ಒಂದು ದಿನವೆಂದರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30. 'ಇಂದು' ಎಂಬ ಎಚ್ಚರಿಕೆ ರಾತ್ರಿ ಮಲಗಿದ ಮೇಲೂ ಜಾರಿಯಲ್ಲಿರುತ್ತದೆ.

ಹಾಗಾಗಿ ಬೆಳಗಿನ ಮುನ್ಸೂಚನೆಯನ್ನು ದಿನದ ಯೋಜನೆಗೆ ಬಳಸಿ. ಓಡಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಬೇರೆಯದೇ ಒಂದಿದೆ: ತಕ್ಷಣದ ಮುನ್ಸೂಚನೆ, ಇಲಾಖೆಯವರು 'ನೌಕಾಸ್ಟ್' ಎನ್ನುವುದು. ಅದರ ಆಯುಸ್ಸು ಮೂರೇ ಗಂಟೆ. ಮೂರು ಗಂಟೆ ಕಳೆದ ನೌಕಾಸ್ಟ್ ಚಿತ್ರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂಜೆಯವರೆಗೂ ಸುತ್ತುತ್ತಿರುತ್ತದೆ, ಅದರ ಮೇಲಿನ ಸಮಯ ಓದದೆ ಯಾರಿಗೂ ಕಳಿಸಬೇಡಿ.

ಹಂತ 3: ಮಧ್ಯಾಹ್ನ 12ರೊಳಗೆ ಮುಗಿಸಬೇಕಾದ್ದು

ಒಳನಾಡಿನಲ್ಲಿ ಈ ಮೋಡಗಳು ಹುಟ್ಟುವುದು ನೆಲ ಕಾದ ಮೇಲೆ. ಮಧ್ಯಾಹ್ನದಿಂದ ಸಂಜೆಯವರೆಗಿನ ಹೊತ್ತೇ ಹೆಚ್ಚು ಅಪಾಯದ್ದು. ಅಂದರೆ ಹೊರಗಿನ ಕೆಲಸಕ್ಕೆ ಬೆಳಗಿನ ಹೊತ್ತು ನಿಮ್ಮ ಕೈಯಲ್ಲಿದೆ.

ಕಣದಲ್ಲಿ ಹರಡಿದ ಮೆಣಸಿನಕಾಯಿ, ಅಂಗಳದ ಅಡಿಕೆ, ಕಟಾವಾದ ಜೋಳದ ತೆನೆ ರಾಶಿ ಮಾಡಿ. ಟಾರ್ಪಾಲು ಹೊದಿಸುವುದರಲ್ಲಿ ಆಗುವ ತಪ್ಪು ಎಂದರೆ ಅಂಚಿಗೆ ಮಾತ್ರ ಕಲ್ಲಿಡುವುದು. ಗಾಳಿ ಒಳನುಗ್ಗಿದರೆ ಇಡೀ ಹೊದಿಕೆ ಕೊಡೆಯಂತೆ ಉಬ್ಬಿ ಹಾರುತ್ತದೆ. ಗಾಳಿ ಬರುವ ಕಡೆಯ ಅಂಚನ್ನು ರಾಶಿಯ ಕೆಳಗೆ ಮಡಚಿ ಸೇರಿಸಿ, ಮೇಲಿಂದ ಹಗ್ಗ ಅಡ್ಡಡ್ಡ ಬಿಗಿಯಿರಿ. ರಾಶಿಯ ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿದರೆ ಕೆಳಗಿನಿಂದ ನೀರು ಹೀರುವುದಿಲ್ಲ. ವಿಜಯಪುರ ಭಾಗದಲ್ಲಿ ಒಣದ್ರಾಕ್ಷಿ ಶೆಡ್ಡುಗಳ ಪಕ್ಕದ ಪರದೆಗಳನ್ನು ಗಾಳಿ ಏಳುವ ಮೊದಲೇ ಇಳಿಸಿ ಕೆಳಗೆ ಕಟ್ಟಿರಬೇಕು, ಒಮ್ಮೆ ತೊಯ್ದ ಹಣ್ಣು ಕಪ್ಪಾಗಿ ದರ ಕಳೆದುಕೊಳ್ಳುತ್ತದೆ. ಗೊನೆ ಬಿಟ್ಟ ಬಾಳೆಗೆ ಗೊನೆ ಬಾಗಿದ ಕಡೆಯಿಂದಲೇ ಊರುಗೋಲು ಕೊಡಿ.

ದನಕರುಗಳಿಗೆ ಮೇವು ನೀರು ಬೇಗ ಮುಗಿಸಿ, ಕೊಟ್ಟಿಗೆಗೆ ಹತ್ತಿರ ತನ್ನಿ. ಮರಕ್ಕೆ, ತಂತಿ ಬೇಲಿಗೆ, ಕಬ್ಬಿಣದ ಕಂಬಕ್ಕೆ ಕಟ್ಟುವುದು ಬೇಡ. ಸಿಡಿಲು ನೆಲಕ್ಕಿಳಿದಾಗ ವಿದ್ಯುತ್ ನೆಲದಲ್ಲೇ ಸುತ್ತ ಹರಡುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು, ಆದ್ದರಿಂದ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವೂ ಹೆಚ್ಚು, ಪ್ರವಾಹ ಎದೆಯ ಮೂಲಕವೇ ಹಾದುಹೋಗುತ್ತದೆ. ಒಂದೇ ಮರದ ಕೆಳಗೆ ಹತ್ತಾರು ಕುರಿ ಒಟ್ಟಿಗೆ ಸಾಯುವುದು ಹೀಗೆ. ಬಯಲಲ್ಲಿ ಸಿಕ್ಕಿಬಿದ್ದ ಮಂದೆಯನ್ನು ಮರದಡಿ ಕೂಡಿಹಾಕುವ ಬದಲು ತಗ್ಗಿನತ್ತ ಚದುರಿಸಿ ಬಿಡಿ.

ಮೋಡ ಓದುವ ಕೆಲಸವೂ ಈ ಹೊತ್ತಿನದೇ. ಬೆಳಿಗ್ಗೆಯೇ ಮೈ ಅಂಟುವ ಸೆಕೆ. ಒಂದು ಗಂಟೆಯ ಸುಮಾರಿಗೆ ಹೂಕೋಸಿನಂತೆ ಮೇಲಕ್ಕೆ ಏಳುವ ಬಿಳಿ ಮೋಡ. ಅದರ ನೆತ್ತಿ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನ ಆಕಾರಕ್ಕೆ ಹರಡಿದರೆ ಮೋಡ ಪಕ್ವವಾಗಿದೆ, ಅದರಿಂದ ಸಿಡಿಲು ನಿಶ್ಚಿತ ಎಂದೇ ನಡೆದುಕೊಳ್ಳಿ. ನೆಟ್‌ವರ್ಕ್ ಇದ್ದರೆ ಇಲಾಖೆಯ ಜಾಲತಾಣದಲ್ಲಿ ಹತ್ತಿರದ ರಾಡಾರ್ ಚಿತ್ರಗಳನ್ನು ಒಂದರ ಹಿಂದೊಂದು ನೋಡಿ. ಒಂದೇ ಚಿತ್ರದಿಂದ ಏನೂ ತಿಳಿಯದು, ಮೂರು ಚಿತ್ರ ಹೋಲಿಸಿದರೆ ಮೋಡದ ದಿಕ್ಕು ತಿಳಿಯುತ್ತದೆ. 50 ಡಿಬಿಝಡ್ (ಮೋಡದಿಂದ ರಾಡಾರಿಗೆ ಮರಳುವ ಸಂಕೇತದ ಬಲದ ಅಳತೆ) ದಾಟಿದ ಬಣ್ಣ ನಿಮ್ಮತ್ತ ಸರಿಯುತ್ತಿದ್ದರೆ ಬಿರುಸು ಮಳೆ, ಆಲಿಕಲ್ಲು ಎರಡಕ್ಕೂ ಸಿದ್ಧರಾಗಿ.

ಹಂತ 4: ಮೊದಲ ಗುಡುಗಿಗೆ ಮೊದಲಿನ ಅರ್ಧ ಗಂಟೆ

ಈಗಿನ ಕ್ರಮ: ಮೊದಲು ಜನ, ಆಮೇಲೆ ಪ್ಲಗ್.

ಗದ್ದೆಯಲ್ಲಿರುವವರಿಗೆ, ಆಟಕ್ಕೆ ಹೋದ ಮಕ್ಕಳಿಗೆ, ಕಟ್ಟಡದ ಮೇಲ್ಮಹಡಿಯಲ್ಲಿ ಕೆಲಸ ಮಾಡುವವರಿಗೆ ಫೋನ್ ಮಾಡಿ. ಆಶ್ರಯಕ್ಕೆ ನಡೆಯಲು ಎಷ್ಟು ನಿಮಿಷ ಬೇಕು ಎಂಬುದೇ ಇಲ್ಲಿ ಲೆಕ್ಕ. ಹೊಲದಿಂದ ಮನೆಗೆ 25 ನಿಮಿಷದ ದಾರಿಯಿದ್ದರೆ ಮೋಡದ ತಳ ಕಪ್ಪಾದಾಗಲೇ ಹೊರಡಬೇಕು.

ಟಿವಿ, ಫ್ರಿಜ್, ಮೋಡೆಮ್, ಸೆಟ್‌ಟಾಪ್ ಬಾಕ್ಸ್, ಯುಪಿಎಸ್ ಪ್ಲಗ್‌ಗಳನ್ನು ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಕು ಎಂಬ ನಂಬಿಕೆಗೆ ಬಹಳ ಟಿವಿಗಳು ಬಲಿಯಾಗಿವೆ. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್, ಆಕಾಶದಿಂದ ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿ ಬಂದದ್ದಕ್ಕೆ ಅದು ಲೆಕ್ಕವೇ ಅಲ್ಲ. ಡಿಶ್ಶಿನ ಕೇಬಲನ್ನೂ ಕಳಚಿ. ಹೊಲದ ಪಂಪ್‌ಸೆಟ್ ಸ್ಟಾರ್ಟರ್ ಬಾಕ್ಸನ್ನು ಗುಡುಗು ಶುರುವಾದ ಮೇಲೆ ಮುಟ್ಟಲೇಬೇಡಿ. ಮೋಟರ್ ಸುಟ್ಟರೆ ರಿವೈಂಡಿಂಗ್ ಮಾಡಿಸಬಹುದು.

ಹಂತ 5: ಗುಡುಗು ಕೇಳಿದ ಕ್ಷಣದಿಂದ

ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಎಣಿಕೆ 30ರೊಳಗಿದ್ದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ತಲೆಯ ಮೇಲೇ ಬೀಳಬಹುದು. ಮಳೆ ಇನ್ನೂ ಬಂದಿಲ್ಲ, ನೆತ್ತಿಯ ಮೇಲೆ ಬಿಸಿಲಿದೆ ಎಂದು ನಿಲ್ಲಬೇಡಿ. ಮೋಡದ ಅಂಚಿನಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಬೀಳುವುದುಂಟು. ಎಣಿಸುವುದು ಕಷ್ಟವೆನಿಸಿದರೆ ಬಿಡಿ: ಗುಡುಗು ಕೇಳಿಸಿತು ಎಂದರೆ ನೀವು ಸಿಡಿಲಿನ ಅಳತೆಯೊಳಗೆ ಇದ್ದೀರಿ.

ಸುರಕ್ಷಿತ ಜಾಗಗಳು ಎರಡೇ. ಗೋಡೆ, ವೈರಿಂಗ್, ನಲ್ಲಿ ಪೈಪು ಇರುವ ಪಕ್ಕಾ ಕಟ್ಟಡ, ಇಲ್ಲವೇ ಲೋಹದ ಮಾಡಿರುವ, ಗಾಜು ಏರಿಸಿದ ಕಾರು ಅಥವಾ ಬಸ್ಸು. ಹೊಲದ ಗುಡಿಸಲು, ನಾಲ್ಕು ಕಡೆ ತೆರೆದ ತಗಡಿನ ಶೆಡ್ಡು, ಬಸ್ ತಂಗುದಾಣ, ಟ್ರ್ಯಾಕ್ಟರ್, ಬೈಕು ಇವು ಮಳೆಯಿಂದ ಕಾಪಾಡುತ್ತವೆ, ಸಿಡಿಲಿನಿಂದ ಅಲ್ಲ. ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದಾರೆ. ಹುಣಸೆ, ಬೇವು, ಮಾವಿನ ಮರದ ಕೆಳಗೆ ನೆನೆಯದಿರಲೆಂದು ನಿಂತವರು ಇವರಲ್ಲಿ ಎಷ್ಟೋ ಮಂದಿ. ಮರಕ್ಕೆ ಬಿದ್ದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಜಿಗಿಯುತ್ತದೆ. ನೆನೆದರೆ ನೆಗಡಿಯಾದೀತು, ಅಷ್ಟೇ. ನೆನೆಯಿರಿ.

ಬಯಲಲ್ಲಿ ಏನೂ ಸಿಗದಿದ್ದರೆ ಎತ್ತರದ ಜಾಗ, ಒಂಟಿ ಮರ, ಬೇಲಿ, ಕೆರೆ ನೀರು ಇವುಗಳಿಂದ ದೂರ ಸರಿಯುತ್ತಾ ಆಶ್ರಯದತ್ತ ನಡೆಯುತ್ತಲೇ ಇರಿ. ಕೈಯಲ್ಲಿರುವ ಗುದ್ದಲಿ, ಸ್ಪ್ರೇಯರ್, ಕೊಡೆ ಬಿಡಿ. ಗುಂಪಿನಲ್ಲಿದ್ದರೆ ಒಬ್ಬರಿಂದೊಬ್ಬರು ಹತ್ತಾರು ಹೆಜ್ಜೆ ದೂರವಾಗಿ. ಕೂದಲು ನಿಮಿರಿದರೆ, ಮೈ ಜುಮ್ಮೆಂದರೆ ಕ್ಷಣಮಾತ್ರವೂ ಉಳಿದಿಲ್ಲ: ಎರಡೂ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂತು ತಲೆ ತಗ್ಗಿಸಿ ಕಿವಿ ಮುಚ್ಚಿ. ಮಲಗಬೇಡಿ, ಕೈ ನೆಲಕ್ಕೆ ಊರಬೇಡಿ. ಇದು ಕೊನೆಯ ಉಪಾಯ, ಅಪಾಯವನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೆ. ಆಶ್ರಯಕ್ಕೆ ಬದಲಾಗಿ ಇದನ್ನು ನೆಚ್ಚಬೇಡಿ.

ಮನೆಯೊಳಗೆ ಸ್ನಾನ, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಮುಂದೂಡಿ. ಕಿಟಕಿ, ಬಾಲ್ಕನಿಯ ಕಬ್ಬಿಣದ ಸರಳು ಹಿಡಿದು ಮಳೆ ನೋಡುವುದು ಬೇಡ. ಚಾರ್ಜರಿಗೆ ಸಿಕ್ಕಿಸದ ಮೊಬೈಲಿನಲ್ಲಿ ಮಾತನಾಡಬಹುದು, ಅದು ಸಿಡಿಲನ್ನು ಸೆಳೆಯುವುದಿಲ್ಲ.

ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಿರಿ. ನಡುವೆ ಇನ್ನೊಂದು ಕೇಳಿದರೆ ಎಣಿಕೆ ಮತ್ತೆ ಮೊದಲಿನಿಂದ.

ಹಂತ 6: ಗಾಳಿ, ಆಲಿಕಲ್ಲು, ರಸ್ತೆ ನೀರು

ಸೆಕೆಯ ನಡುವೆ ತಣ್ಣನೆಯ ಗಾಳಿ ಥಟ್ಟನೆ ಮಣ್ಣಿನ ವಾಸನೆ ಹೊತ್ತು ಬಂದರೆ ಅದು ಮೋಡದಿಂದ ಕೆಳಗಿಳಿದು ಮುಂದಕ್ಕೆ ನುಗ್ಗಿದ ಗಾಳಿ. ಬೈಕಿನಲ್ಲಿದ್ದರೆ ಆಗಲೇ ನಿಲ್ಲಿಸಿ. ಜಾಹೀರಾತು ಫಲಕ, ಮರ, ಕಾಂಪೌಂಡ್ ಗೋಡೆ, ಕ್ರೇನು, ವಿದ್ಯುತ್ ಕಂಬ ಇವುಗಳ ನೆರಳು ಬೇಡ. ಮುಂಬೈನ ಘಾಟ್‌ಕೋಪರ್‌ನಲ್ಲಿ 2024ರ ಮೇ 13ರಂದು ಉರುಳಿದ ಫಲಕದ ಅಡಿ ಸಿಲುಕಿದವರು ಪೆಟ್ರೋಲ್ ಬಂಕಿನಲ್ಲಿದ್ದವರು.

ಆಲಿಕಲ್ಲು ಶುರುವಾದರೆ ಕಾರನ್ನು ರಸ್ತೆಯಿಂದ ಪಕ್ಕಕ್ಕೆ ಸರಿಸಿ ನಿಲ್ಲಿಸಿ, ಕಿಟಕಿಗೆ ಬೆನ್ನು ಕೊಟ್ಟು ಕೂರಿ. ಮೇಲ್ಸೇತುವೆಯ ಕೆಳಗೆ ರಸ್ತೆ ಮಧ್ಯೆಯೇ ನಿಲ್ಲಿಸುವುದರಿಂದ ಹಿಂದಿನವರು ಬಂದು ಗುದ್ದುತ್ತಾರೆ.

ನೀರು ನಿಂತ ಅಂಡರ್‌ಪಾಸ್ ವಿಷಯದಲ್ಲಿ ಅಂದಾಜು ಬೇಡ. ರಸ್ತೆಯ ಬಿಳಿ ಗೆರೆ ಅಥವಾ ಪಕ್ಕದ ಕಟ್ಟೆ ಕಾಣದಿದ್ದರೆ ಇಳಿಯಬೇಡಿ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ಮನುಷ್ಯನ ಕಾಲು ಕೀಳುತ್ತದೆ, 30 ಸೆಂಟಿಮೀಟರ್‌ಗೆ ಸಣ್ಣ ಕಾರು ತೇಲತೊಡಗುತ್ತದೆ. ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ 2023ರ ಮೇ 21ರಂದು ಒಂದು ಜೀವ ಹೋದದ್ದು ಹೀಗೆ ತುಂಬಿದ ನೀರಿನಲ್ಲೇ. ಗಾಡಿ ನೀರಿನಲ್ಲಿ ನಿಂತುಬಿಟ್ಟರೆ ಸೀಟ್ ಬೆಲ್ಟ್ ಬಿಚ್ಚಿ, ತಕ್ಷಣ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ನೀವೂ ಹೊರಬನ್ನಿ. ಬಾಗಿಲು ತೆರೆಯಲು ಹೆಣಗಬೇಡಿ, ಹೊರಗಿನ ನೀರಿನ ಒತ್ತಡ ಬಿಡುವುದಿಲ್ಲ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಮುಂದಿನ ಗಾಜು ಎರಡು ಪದರದ್ದು, ಒಡೆದರೂ ದಾರಿ ಬಿಡದು.

ಬೇರೆ ರಾಜ್ಯಕ್ಕೆ ಹೋಗುವವರಿಗೆ ಒಂದು ಮಾತು. ಬಂಗಾಳದ ಕಾಲಬೈಶಾಖಿ, ಅಸ್ಸಾಮಿನ ಬೊರ್ದೊಯಿಸಿಲಾ ನಮ್ಮಲ್ಲಿನ ಬಿರುಗಾಳಿಗಿಂತ ಬಿರುಸು. ರಾಜಸ್ಥಾನ, ಉತ್ತರ ಪ್ರದೇಶದ ಆಂಧಿಯಲ್ಲಿ ಧೂಳು ಗೋಡೆಯಂತೆ ಬಂದು ಎದುರಿನ ರಸ್ತೆಯೇ ಮರೆಯಾಗುತ್ತದೆ: ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಲೈಟುಗಳನ್ನು ಆರಿಸಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಿರಿ. ಇಲ್ಲದಿದ್ದರೆ ಹಿಂದಿನವರು ನಿಮ್ಮ ಕೆಂಪು ದೀಪವನ್ನೇ ರಸ್ತೆ ಎಂದು ನಂಬಿ ಬರುತ್ತಾರೆ.

ಹಂತ 7: ಸಿಡಿಲು ಬಡಿದವರನ್ನು ಉಳಿಸುವುದು

ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಬಹುದು. ಸಗಣಿಯಲ್ಲಿ, ಮಣ್ಣಿನಲ್ಲಿ ಹೂಳುವುದರಿಂದ ಅಮೂಲ್ಯ ನಿಮಿಷಗಳು ಹಾಳಾಗುತ್ತವೆ, ಆ ನಿಮಿಷಗಳಲ್ಲೇ ಜೀವ ಉಳಿಯಬೇಕು.

1. 108 ಅಥವಾ 112ಕ್ಕೆ ಒಬ್ಬರು ಕರೆ ಮಾಡಲಿ. ಸಿಡಿಲು ಮುಂದುವರಿದಿದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಎತ್ತಿ ತನ್ನಿ.

2. ಹಲವರಿಗೆ ಬಡಿದಿದ್ದರೆ ನರಳುತ್ತಿರುವವರನ್ನು ಬಿಟ್ಟು, ಸತ್ತಂತೆ ಬಿದ್ದವರ ಬಳಿ ಮೊದಲು ಹೋಗಿ. ಬೇರೆ ಅಪಘಾತಗಳ ಕ್ರಮಕ್ಕೆ ಇದು ತಿರುಗಾಮುರುಗಾ. ಸಿಡಿಲಿನಲ್ಲಿ ಹೃದಯ ನಿಂತು ತಾನಾಗಿ ಮತ್ತೆ ಬಡಿಯತೊಡಗಬಹುದು, ಆದರೆ ಉಸಿರಾಟ ನಿಂತೇ ಇದ್ದರೆ ಹೃದಯ ಮತ್ತೆ ನಿಲ್ಲುತ್ತದೆ.

3. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಸಲ ಒತ್ತಿದ ಮೇಲೆ ಎರಡು ಸಲ ಬಾಯಿಂದ ಉಸಿರು ಕೊಡಿ. ಅಭ್ಯಾಸವಿಲ್ಲದವರು ಒತ್ತುವುದನ್ನಾದರೂ ನಿಲ್ಲಿಸಬಾರದು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ.

4. ಎದ್ದು ಕೂತು 'ನನಗೇನೂ ಆಗಿಲ್ಲ' ಎಂದವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಕಿವಿ, ಕಣ್ಣು, ಹೃದಯಕ್ಕೆ ಆದ ಪೆಟ್ಟು ಮೇಲ್ನೋಟಕ್ಕೆ ಕಾಣದು.

ಹಂತ 8: ಮಳೆ ನಿಂತ ಮೇಲೆ

ತುಂಡಾದ ತಂತಿ ಸದ್ದಿಲ್ಲದೆ, ಕಿಡಿಯಿಲ್ಲದೆ ಹುಲ್ಲಿನಲ್ಲಿ ಬಿದ್ದಿರುತ್ತದೆ. ಬೆಳಕು ಮೂಡುವ ಮೊದಲು ಗದ್ದೆಗೆ ಹೋಗಬೇಡಿ. ತಂತಿ ಕಂಡರೆ ಕನಿಷ್ಠ ಹತ್ತು ಮೀಟರ್ ದೂರವಿದ್ದು 1912ಕ್ಕೆ ಕರೆ ಮಾಡಿ. ಹಸಿ ಬಿದಿರಿನಿಂದ ಸರಿಸುವ ಸಾಹಸ ಬೇಡ. ತೀರಾ ಹತ್ತಿರ ಬಂದುಬಿಟ್ಟಿದ್ದರೆ ಪಾದ ಎತ್ತದೆ, ಒಂದಕ್ಕೊಂದು ತಾಗಿಸಿಕೊಂಡೇ ನೆಲಕ್ಕೆ ಉಜ್ಜುತ್ತಾ ಹಿಂದೆ ಸರಿಯಿರಿ.

ಕರೆಂಟು ಬಂದ ಕೂಡಲೇ ಎಲ್ಲ ಪ್ಲಗ್ ಸಿಕ್ಕಿಸಬೇಡಿ. ಒಂದು ಬಲ್ಬು ಮಾತ್ರ ಹಾಕಿ ಹತ್ತು ನಿಮಿಷ ನೋಡಿ. ಒಂದು ಕೋಣೆಯ ದೀಪ ಕಣ್ಣು ಕುಕ್ಕುವಂತೆ ಉರಿದು ಇನ್ನೊಂದು ಕೋಣೆಯದು ಮಂಕಾದರೆ, ಅಥವಾ ಫ್ಯಾನು ಹುಚ್ಚೆದ್ದಂತೆ ತಿರುಗಿದರೆ ನ್ಯೂಟ್ರಲ್ ತಂತಿ ಕಡಿದಿದೆ. ಮನೆಯ ವೋಲ್ಟೇಜ್ 400ರ ಹತ್ತಿರಕ್ಕೆ ಏರಬಹುದು. ಒಣ ಚಪ್ಪಲಿ ಹಾಕಿಕೊಂಡು ಮೇನ್ ಸ್ವಿಚ್ ಆಫ್ ಮಾಡಿ, ನೆರೆಮನೆಯವರಿಗೂ ಕೂಗಿ ಹೇಳಿ. ಬೀದಿಯ ಎಲ್ಲ ಟಿವಿಗಳೂ ಒಂದೇ ರಾತ್ರಿ ಸುಟ್ಟುಹೋಗುವುದು ಹೆಚ್ಚಾಗಿ ಸಿಡಿಲಿನಿಂದಲ್ಲ, ಇದರಿಂದ.

ಬೆಳೆ ಹಾನಿಯಾಗಿದ್ದರೆ ಗಡಿಯಾರ ಈಗ ಇನ್ನೊಂದು ಬಗೆಯಲ್ಲಿ ಓಡತೊಡಗುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನೋಂದಾಯಿಸಿದ ಬೆಳೆಗೆ ಆಲಿಕಲ್ಲಿನಿಂದ ಆದ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. 14447 ಸಹಾಯವಾಣಿ, ವಿಮಾ ಕಂಪನಿ, ಕೃಷಿ ಇಲಾಖೆ ಕಚೇರಿ ಯಾವುದಕ್ಕಾದರೂ ತಿಳಿಸಬಹುದು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕಿದ್ದರೆ ಕೊಯ್ಲಿನಿಂದ 14 ದಿನದವರೆಗೆ ಅದಕ್ಕೂ ರಕ್ಷಣೆಯಿದೆ. ಆಲಿಕಲ್ಲು ಕರಗುವ ಮೊದಲು, ಗಿಡದ ಪಕ್ಕ ಬೆರಳೋ ನಾಣ್ಯವೋ ಇಟ್ಟು ಅಳತೆ ಗೊತ್ತಾಗುವಂತೆ ಫೋಟೊ ತೆಗೆಯಿರಿ. ಆಮೇಲೆ ಹೊಲದ ನಾಲ್ಕು ಮೂಲೆಯಿಂದ ನಾಲ್ಕು ಫೋಟೊ, ಲೊಕೇಶನ್ ಆನ್ ಇರಲಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಮತ್ತು ಸಮೀಕ್ಷೆಯವರು ಬಂದು ನೋಡುವವರೆಗೆ ಹಾಳಾದ ಬೆಳೆಯನ್ನು ಕಿತ್ತು ಸ್ವಚ್ಛ ಮಾಡಬೇಡಿ.